240 ಶಾಲಾ ಚೀಲ, ಆರು ವಿದೇಶಿ ಸ್ವಯಂಸೇವಕರು, ಒಂದು ಲೋಕಸಭಾ ಚುನಾವಣೆ: ಕೊಡಗಿನ ಪ್ರಕರಣ ಅಧ್ಯಯನ

2024ರ ಮಾರ್ಚ್ 16ರ ಶನಿವಾರ ಮಧ್ಯಾಹ್ನ ಲೋಕಸಭಾ ಚುನಾವಣೆಯ ವೇಳಾಪಟ್ಟಿ ಪ್ರಕಟವಾಯಿತು. ಆ ಗಳಿಗೆಯಿಂದಲೇ ಮಾದರಿ ನೀತಿ ಸಂಹಿತೆ ಜಾರಿಗೆ ಬಂತು. ಮೈಸೂರು-ಕೊಡಗು ಕ್ಷೇತ್ರದ ಮತದಾನ ಏಪ್ರಿಲ್ 26, ಎಣಿಕೆ ಜೂನ್ 4, ಸಂಹಿತೆ ಮುಗಿಯುವುದು ಜೂನ್ 6. ಅಂದರೆ ಹೆಚ್ಚುಕಡಿಮೆ ಹನ್ನೆರಡು ವಾರ. ಸ್ವಯಂಸೇವಾ ಸಂಸ್ಥೆಗಳವರು ಸಾಮಾನ್ಯವಾಗಿ ಕ್ಯಾಲೆಂಡರಿನಲ್ಲಿ ವೃತ್ತ ಹಾಕುವುದು ಮತದಾನದ ಒಂದು ದಿನಕ್ಕೆ ಮಾತ್ರ. ಈ ಪ್ರಕರಣದಲ್ಲಿ ಕಂಡ ತೊಂದರೆಗಳಲ್ಲಿ ಬಹುಪಾಲು ಆ ದಿನಕ್ಕೆ ಸಂಬಂಧಪಟ್ಟವೇ ಅಲ್ಲ.

ಮೊದಲೇ ಒಂದು ಮಾತು. ಇಲ್ಲಿ ಬರುವ ಸ್ವಯಂಸೇವಾ ಕೇಂದ್ರ ಯಾವುದೋ ಒಂದು ಸಂಸ್ಥೆಯಲ್ಲ. ಇಂಥ ಕೇಂದ್ರಗಳಲ್ಲಿ ಆಗುವುದನ್ನು ಒಂದೆಡೆ ಕೂಡಿಸಿ, 2024ರ ನಿಜವಾದ ದಿನಾಂಕಗಳ ಮೇಲಿಟ್ಟು ಕಟ್ಟಿದ ಮಾದರಿ ಪ್ರಕರಣ ಇದು. ಚುನಾವಣೆಯ ದಿನಾಂಕಗಳು, ಕಾನೂನು, ಹಣದ ಮಿತಿಗಳು ಇದ್ದದ್ದು ಇದ್ದ ಹಾಗೆ. ಆರು ಮಂದಿ, 240 ಚೀಲ, ಅವುಗಳ ಸುತ್ತ ನಡೆದದ್ದು ಮಾದರಿಗಾಗಿ.

ಕೇಂದ್ರ ಮತ್ತು ಅಲ್ಲಿದ್ದವರು

ಕುಶಾಲನಗರಕ್ಕೂ ಸುಂಟಿಕೊಪ್ಪಕ್ಕೂ ನಡುವೆ ಒಂದು ಹೋಂಸ್ಟೇ. ಅದರ ಮೇಲ್ಮಹಡಿಯಲ್ಲಿ ಆರು ಮಂದಿ: ಮೂವರು ಜರ್ಮನಿಯವರು, ಇಬ್ಬರು ಬ್ರಿಟನ್ನಿನವರು, ಒಬ್ಬಳು ಫ್ರಾನ್ಸಿನವಳು. ನಾಲ್ವರು ಒಂದು ವರ್ಷದ ಅವಧಿಗೆ ಬಂದವರು, ಉದ್ಯೋಗ ವೀಸಾದವರು, ವೀಸಾದ ಮೇಲೆಯೇ ಸಂಸ್ಥೆಯ ಹೆಸರು ಮತ್ತು ಕೆಲಸದ ಜಾಗ ನಮೂದಾಗಿದೆ. ಉಳಿದ ಇಬ್ಬರು ಇ-ಪ್ರವಾಸಿ ವೀಸಾದವರು. ಪ್ರವಾಸಿ ವೀಸಾದಲ್ಲಿ ಸಂಬಳ-ಸಂಭಾವನೆ ಏನೂ ಇಲ್ಲದ ಸ್ವಯಂಸೇವೆಗೆ ಹೆಚ್ಚೆಂದರೆ ಒಂದು ತಿಂಗಳ ಅವಕಾಶವಿದೆ. ಈ ವ್ಯತ್ಯಾಸ ಬೇರೆ ದಿನಗಳಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಚುನಾವಣೆಯ ಹೊತ್ತಿಗೆ ಪೊಲೀಸರು ಕೇಳುವ ಮೊದಲ ಪ್ರಶ್ನೆಯೇ ಅದು.

ಕೆಲಸ ಎರಡು ಹಾಡಿಗಳಲ್ಲಿ (ಆದಿವಾಸಿಗಳ ವಸತಿ), ಮೂರು ಕಾಫಿ ತೋಟದ ಲೈನ್‌ಮನೆಗಳಲ್ಲಿ (ಕೂಲಿಯವರ ಸಾಲುಮನೆ). ಸಂಜೆ ಆರರಿಂದ ಎಂಟರವರೆಗೆ ಮಕ್ಕಳಿಗೆ ಪಾಠ, ಶನಿವಾರ ಸರ್ಕಾರಿ ಶಾಲೆಯೊಂದರಲ್ಲಿ ಇಂಗ್ಲಿಷ್ ಮತ್ತು ಗಣಿತ, ಬೇಸಿಗೆ ರಜೆಯಲ್ಲಿ ಹದಿನೈದು ದಿನದ ಶಿಬಿರ. ಇದಲ್ಲದೆ ವರ್ಷಕ್ಕೊಮ್ಮೆ ಶಾಲಾ ಸಾಮಗ್ರಿ ಹಂಚಿಕೆ: ಒಂದು ಚೀಲ, ಆರು ನೋಟ್‌ಬುಕ್, ಒಂದು ಕೊಡೆ, ಪೆನ್ನು-ಪೆನ್ಸಿಲ್. ಚೀಲಕ್ಕೆ 300 ರೂಪಾಯಿ, ನೋಟ್‌ಬುಕ್‌ಗಳಿಗೆ 150, ಕೊಡೆಗೆ 180, ಉಳಿದದ್ದಕ್ಕೆ 30. ಒಟ್ಟು 660. ಇಂಥ 240 ಸೆಟ್ಟಿಗೆ 1,58,400 ರೂಪಾಯಿ. ಏಪ್ರಿಲ್ ಮಧ್ಯದಲ್ಲಿ ಹಂಚಿಬಿಟ್ಟರೆ ಮಳೆಗಾಲದ ಹೊತ್ತಿಗೆ ಮಕ್ಕಳ ಕೈಯಲ್ಲಿ ಕೊಡೆ ಇರುತ್ತದೆ ಎಂಬುದು ಲೆಕ್ಕಾಚಾರ. ಕೊಡಗಿನ ಜೂನ್ ಮಳೆಯನ್ನು ಬಲ್ಲವರಿಗೆ ಈ ಲೆಕ್ಕ ಸರಿಯೆಂದೇ ಕಾಣುತ್ತದೆ.

ಚೆಕ್‌ಪೋಸ್ಟಿನಲ್ಲಿ ನಿಂತ ಗಾಡಿ

ಏಪ್ರಿಲ್ 6, ಶನಿವಾರ. ಮೈಸೂರಿನಿಂದ ಸರಕು ಹೊತ್ತ ಪಿಕಪ್ ಗಾಡಿ ಕಾವೇರಿ ಸೇತುವೆ ದಾಟಿ ಕುಶಾಲನಗರಕ್ಕೆ ಕಾಲಿಡುವಲ್ಲಿ ನಿಂತಿತು. ಅಲ್ಲಿ ಸ್ಥಿರ ಕಣ್ಗಾವಲು ತಂಡ ಹಗಲೂ ರಾತ್ರಿ ಕೂತಿರುತ್ತದೆ. ಜೊತೆಗೆ ಒಬ್ಬ ದಂಡಾಧಿಕಾರಿ, ಪೊಲೀಸರು, ಒಬ್ಬ ವಿಡಿಯೊ ಚಿತ್ರೀಕರಿಸುವವನು. ಮಾಕುಟ್ಟ, ಕುಟ್ಟ, ಕರಿಕೆ, ಸಂಪಾಜೆ, ಆನೆಚೌಕೂರು ಕಡೆಗಳಲ್ಲೂ ಅಷ್ಟೇ ಬಿಗಿ. ಕೇರಳಕ್ಕೂ ಅದೇ ಏಪ್ರಿಲ್ 26ರಂದೇ ಮತದಾನವಾದ್ದರಿಂದ ಕೇರಳದ ಗಡಿಗಳಲ್ಲಿ ಎರಡೂ ಬದಿಯಿಂದ ತಪಾಸಣೆ.

"ಬಿಲ್ಲಲ್ಲಿರೋ ಗಾಡಿ ನಂಬರೇ ಬೇರೆ ಇದೆಯಲ್ಲಣ್ಣ?" ಎಂದು ತಂಡದವರು ಚಾಲಕನನ್ನು ಕೇಳಿದ್ದೇ ಮೊದಲ ಎಳೆ. ಆ ಎಳೆ ಹಿಡಿದು ಒಂದೊಂದಾಗಿ ನಾಲ್ಕು ಗಂಟು ಹೊರಬಿದ್ದವು. ನಾಲ್ಕೂ ಸಣ್ಣವು. ಒಂದೊಂದೇ ಆಗಿದ್ದರೆ ಗಾಡಿ ಬಿಡುತ್ತಿದ್ದರೇನೋ.

50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್, ಅಂದರೆ ಸಾಗಣೆಯ ಆನ್‌ಲೈನ್ ದಾಖಲೆ, ಬೇಕು. ಅಂಗಡಿಯವರು ಅದನ್ನು ತೆಗೆದೇ ಇದ್ದರು. ಆದರೆ ಬಿಲ್‌ನ ಎರಡನೆಯ ಭಾಗದಲ್ಲಿ ಬರೆದ ಗಾಡಿ ಅಂದು ಬೆಳಿಗ್ಗೆ ಪ್ರಚಾರದ ಬಾಡಿಗೆಗೆ ಹೋಗಿಬಿಟ್ಟಿತ್ತು. ಚುನಾವಣೆಯ ಕಾಲದಲ್ಲಿ ಪಿಕಪ್ ಗಾಡಿಗಳಿಗೆ ಬಿಡುವೇ ಇರುವುದಿಲ್ಲ. ಅಂಗಡಿಯವರು ಸಿಕ್ಕಿದ ಬೇರೆ ಗಾಡಿಗೆ ಸರಕು ಏರಿಸಿದರು, ಗಾಡಿ ಸಂಖ್ಯೆ ತಿದ್ದಲಿಲ್ಲ. ತಿದ್ದುವುದು ಫೋನಿನಲ್ಲೇ ಎರಡು ನಿಮಿಷದ ಕೆಲಸ, ಹೊಸ ಬಿಲ್ ಬೇಕಿರಲಿಲ್ಲ.

ಎರಡನೆಯದು ಆ ಬದಲಿ ಗಾಡಿಯ ಮುಂಗಾಜು. ಹಿಂದಿನ ವಾರ ಅದೂ ಪ್ರಚಾರಕ್ಕೇ ಓಡಿತ್ತು. ಗಾಜಿನ ಎಡ ಮೂಲೆಯಲ್ಲಿ ಅಂಟಿಸಿದ್ದ ಅನುಮತಿ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯಲು ನೋಡಿ ಅರ್ಧಕ್ಕೇ ಬಿಟ್ಟಿದ್ದರು. ಮೇಲರ್ಧದ ಬಿಳಿ ಕಾಗದ ಹೋಗಿ ಅಂಟು ಉಳಿದಿತ್ತು. ಕೆಳಗರ್ಧದಲ್ಲಿ ಅಭ್ಯರ್ಥಿಯ ಹೆಸರಿನ ಕೊನೆಯ ಮೂರು ಅಕ್ಷರ, ಒಂದು ಮೊಹರಿನ ನೀಲಿ ಕಮಾನು.

ಮೂರನೆಯದು ಇವೆಲ್ಲಕ್ಕಿಂತ ಭಾರದ್ದು. 240ರಲ್ಲಿ 60 ಚೀಲಗಳ ಹಣ ಕೊಟ್ಟವರು ಸ್ಥಳೀಯ ತೋಟದ ಮಾಲೀಕರೊಬ್ಬರು. ಅವರು ಒಂದು ಪಕ್ಷದ ಸ್ಥಳೀಯ ಘಟಕದ ಪದಾಧಿಕಾರಿ ಕೂಡ. ದಾನಿಯ ಹೆಸರು ಚೀಲದ ಮುಂದಿನ ಜೇಬಿನ ಮೇಲಿರಲಿ ಎಂದು ಡಿಸೆಂಬರಿನಲ್ಲಿ ಹೇಳಿದ್ದರು, ಆಗ ಯಾರ ತಲೆಯಲ್ಲೂ ಚುನಾವಣೆ ಇರಲಿಲ್ಲ. ಅಚ್ಚು ಹಾಕುವವನು ಒಂದೇ ಚೌಕಟ್ಟು ಕಟ್ಟಿ 240ಕ್ಕೂ ಅದನ್ನೇ ಒತ್ತಿಬಿಟ್ಟ. ಮತದಾರರ ಮನೆಗೆ ಹೋಗುವ ಪುಕ್ಕಟೆ ವಸ್ತುವಿನ ಮೇಲೆ ಪಕ್ಷದವರೊಬ್ಬರ ಹೆಸರು! ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮು ಲಂಚ ಎಂದು ಕರೆಯುವುದಕ್ಕೆ ಇದು ತೀರ ಹತ್ತಿರದ ನೋಟ. ಅಭ್ಯರ್ಥಿಗೆ ಸಂಬಂಧವಿದೆ ಎಂದು ತೀರ್ಮಾನವಾದರೆ ಈ ಖರ್ಚು ಅವರ 95 ಲಕ್ಷ ರೂಪಾಯಿ ಮಿತಿಯ ಲೆಕ್ಕಕ್ಕೂ ಸೇರುತ್ತದೆ. ಹಾಗಾಗಿ ಎದುರು ಪಕ್ಷದವರು ಸುಮ್ಮನಿರುವುದಿಲ್ಲ.

ನಾಲ್ಕನೆಯದು, ಚಾಲಕನ ಪಕ್ಕದ ಸೀಟಿನಲ್ಲಿ ಕೂತಿದ್ದ ಜರ್ಮನಿಯ ಹುಡುಗ. ಸರಕು ಎಣಿಸಿ ತೆಗೆದುಕೊಳ್ಳಲು ಹೋಗಿದ್ದ. ಅವನ ತಪ್ಪು ಏನೇನೂ ಇಲ್ಲ. ಆದರೆ ಚುನಾವಣೆಯ ಸಮಯದಲ್ಲಿ ಉಡುಗೊರೆ ತುಂಬಿದ ಗಾಡಿಯಲ್ಲಿ ವಿದೇಶಿಯೊಬ್ಬ ಇದ್ದಾನೆಂದರೆ ಸುದ್ದಿ ಚೆಕ್‌ಪೋಸ್ಟಿನಲ್ಲಿ ಉಳಿಯುವುದಿಲ್ಲ, ಜಿಲ್ಲಾ ಕೇಂದ್ರಕ್ಕೆ ಹೋಗುತ್ತದೆ. ಪಕ್ಷಗಳು ವಿದೇಶಿ ಮೂಲದ ಕೊಡುಗೆ ಪಡೆಯಬಾರದೆಂದು ಅದೇ ಕಾಯ್ದೆಯ 29ಬಿ ಹೇಳುತ್ತದೆ. ಅಧಿಕಾರಿಗಳು ಆ ದಿಕ್ಕಿನಲ್ಲೂ ಯೋಚಿಸಲೇಬೇಕಾಗುತ್ತದೆ. ಅವರನ್ನು ದೂರುವಂತಿಲ್ಲ.

ಸರಕು ಮಹಜರಾಯಿತು. ಇಲ್ಲಿ ಕೇಂದ್ರದ ಸಂಯೋಜಕಿ ಮಾಡಿದ ಒಂದು ಕೆಲಸ ಮುಂದಿನದನ್ನೆಲ್ಲ ಸುಲಭ ಮಾಡಿತು. ಆಕೆ ವಾದಕ್ಕೆ ನಿಲ್ಲಲಿಲ್ಲ, ಯಾರ ಪರಿಚಯವನ್ನೂ ಹೇಳಲಿಲ್ಲ. ಮಹಜರಿನ ಪ್ರತಿ ಕೇಳಿ ಪಡೆದರು, ಅದರಲ್ಲಿ ಚೀಲಗಳ ಎಣಿಕೆ 240 ಎಂದು ಅಂಕಿ-ಅಕ್ಷರ ಎರಡರಲ್ಲೂ ಇದೆಯೇ ನೋಡಿಕೊಂಡರು, ಮೇಲ್ಮನವಿ ಎಲ್ಲಿಗೆಂದು ಬರೆಸಿಕೊಂಡರು. ಜಿಲ್ಲೆಯಲ್ಲಿ ಇದಕ್ಕೆಂದೇ ಮೂವರ ಸಮಿತಿ ಇರುತ್ತದೆ: ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ, ಚುನಾವಣಾ ವೆಚ್ಚ ನಿಗಾ ನೋಡಲ್ ಅಧಿಕಾರಿ, ಜಿಲ್ಲಾ ಖಜಾನೆ ಅಧಿಕಾರಿ. ಅಭ್ಯರ್ಥಿಗಾಗಲಿ ಪಕ್ಷಕ್ಕಾಗಲಿ ಸಂಬಂಧವಿಲ್ಲ, ಎಫ್‌ಐಆರ್ ಆಗಿಲ್ಲ ಎಂದಾದರೆ ಬಿಡುಗಡೆಗೆ ಆದೇಶಿಸುವುದು ಈ ಸಮಿತಿಯ ಹೊಣೆ. ಎಫ್‌ಐಆರ್ ಇಲ್ಲದ ಪ್ರಕರಣವನ್ನು ಮತದಾನ ಮುಗಿದ ಏಳು ದಿನಕ್ಕಿಂತ ಹೆಚ್ಚು ಎಳೆಯುವಂತಿಲ್ಲ. ಇದು ಗೊತ್ತಿಲ್ಲದ ಸಂಸ್ಥೆಗಳು ಜೂನ್‌ವರೆಗೆ ಸುಮ್ಮನೆ ಕಾಯುತ್ತಾ ಕೂರುತ್ತವೆ.

ಸಮಿತಿಗೆ ಕೊಟ್ಟ ಕಾಗದಗಳು: ಡಿಸೆಂಬರಿನ ಖರೀದಿ ಆದೇಶ, ಬ್ಯಾಂಕಿನಿಂದ ಮುಂಗಡ ಹೋದ ವಿವರ, ಹಿಂದಿನ ಮೂರು ವರ್ಷದ ಹಂಚಿಕೆಯ ಸಹಿ ಪಟ್ಟಿಗಳು, ಸಂಸ್ಥೆಯ ನೋಂದಣಿ, ಬಾಡಿಗೆ ಗಾಡಿ ಬದಲಾದದ್ದರ ಬಗ್ಗೆ ಅಂಗಡಿಯವರ ಪತ್ರ, ದಾನಿಯ 18,000 ರೂಪಾಯಿ ರಸೀದಿ. ಈ ಪೈಕಿ ಹೆಚ್ಚು ತೂಕ ಬಂದದ್ದು ಹಳೆಯ ಸಹಿ ಪಟ್ಟಿಗಳಿಗೆ. ಚುನಾವಣೆಯಿಲ್ಲದ ವರ್ಷಗಳಲ್ಲೂ ಇದೇ ತಿಂಗಳು, ಇದೇ ಹಾಡಿಗಳಲ್ಲಿ ಹಂಚಿದ್ದಾರೆ ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ಏಪ್ರಿಲ್ 18ಕ್ಕೆ ಸರಕು ಕೈಗೆ ಬಂತು, ಎರಡು ಷರತ್ತಿನ ಮೇಲೆ: ಸಂಹಿತೆ ಮುಗಿಯುವವರೆಗೆ ಹಂಚಬಾರದು, ಚೀಲದ ಮೇಲಿನ ಹೆಸರು ಮುಚ್ಚಬೇಕು.

ದಿನಚರಿ ಬದಲಾದದ್ದು

ಚೀಲದ ಗಲಾಟೆಗಿಂತ ಮೊದಲೇ ಹಾಡಿಯಲ್ಲಿ ಗಾಳಿ ಬದಲಾಗಿತ್ತು. ಸಂಜೆ ಆರು ಗಂಟೆ ಎಂದರೆ ತೋಟದಿಂದ ಜನ ಮನೆಗೆ ಮರಳುವ ಹೊತ್ತು, ಮತ ಕೇಳುವವರು ಬರುವ ಹೊತ್ತೂ ಅದೇ. ಪಾಠದ ಜಗಲಿಯ ಮುಂದೆಯೇ ಜೀಪು ನಿಲ್ಲುತ್ತದೆ, ಮಕ್ಕಳು ಎದ್ದು ಓಡುತ್ತಾರೆ. ಅದಕ್ಕಿಂತ ಕೆಟ್ಟದ್ದು, ಹೊರಗಿನ ಗಾಡಿ ಬಂತೆಂದರೆ ಏನೋ ಕೊಡಲು ಬಂದರು ಎಂಬ ನಿರೀಕ್ಷೆ. "ಅಕ್ಕ, ಈ ಸಲ ನೀವು ಯಾರ ಕಡೆಯಿಂದ?" ಎಂದು ಅಜ್ಜಿಯೊಬ್ಬರು ಫ್ರಾನ್ಸಿನ ಹುಡುಗಿಯನ್ನು ಕೇಳಿದರು. ಅವಳಿಗೆ ಅರ್ಥವಾಗಲಿಲ್ಲ, ನಕ್ಕು ತಲೆಯಾಡಿಸಿದಳು. ಇಂಥ ತಲೆಯಾಡಿಸುವಿಕೆ ಮಾರನೆಯ ದಿನ ಯಾವ ರೂಪ ತಾಳುತ್ತದೆಂದು ಹೇಳಲಾಗದು.

ಏಪ್ರಿಲ್ 11ರಿಂದ ಬೇಸಿಗೆ ರಜೆ ಇದ್ದುದರಿಂದ ಪಾಠವನ್ನು ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆಗೆ ಸರಿಸಿದರು. ಹಾಜರಿ ಕುಸಿಯಿತು. ಏಕೆಂದರೆ ಆ ತಿಂಗಳು ಕಾಳುಮೆಣಸಿನ ಕೊಯ್ಲು, ತಾಯಂದಿರು ಮಕ್ಕಳನ್ನು ಜೊತೆಗೇ ತೋಟಕ್ಕೆ ಕರೆದೊಯ್ಯುತ್ತಾರೆ. ಲೈನ್‌ಮನೆಗಳಲ್ಲಿ ಇನ್ನೊಂದು ಕಾರಣವೂ ಇತ್ತು. ಅಸ್ಸಾಮಿನಲ್ಲಿ ಏಪ್ರಿಲ್ 19, 26 ಮತ್ತು ಮೇ 7ರಂದು ಮತದಾನ, ಅಲ್ಲಿಂದ ಬಂದ ಕೂಲಿ ಸಂಸಾರಗಳು ಮತ ಹಾಕಲು ಊರಿಗೆ ಹೊರಟಿದ್ದವು. ಒಂದು ಲೈನಿನಲ್ಲಿ ಪಾಠಕ್ಕೆ ಬರುವ ಮಕ್ಕಳೇ ಉಳಿಯಲಿಲ್ಲ. ಶಿಬಿರವನ್ನು ಆ ಲೈನಿನಿಂದ ತೆಗೆದು ಮೇ ಎರಡನೇ ವಾರಕ್ಕೆ ತಳ್ಳಿದ್ದು ಸರಿಯಾದ ನಿರ್ಧಾರ. ಮಕ್ಕಳಿಲ್ಲದ ಜಗಲಿಯಲ್ಲಿ ಸ್ವಯಂಸೇವಕರನ್ನು ಕೂರಿಸುವುದರಿಂದ ಅವರ ಉತ್ಸಾಹ ಬೇಗ ಬತ್ತುತ್ತದೆ.

ಸರ್ಕಾರಿ ಶಾಲೆಯ ಬಾಗಿಲು ಬೇರೆ ಕಾರಣಕ್ಕೆ ಮುಚ್ಚಿತು. ಕಟ್ಟಡವೇ ಮತಗಟ್ಟೆ, ಮಾಸ್ತರರು ಮತಗಟ್ಟೆ ಅಧಿಕಾರಿ, ಅಂಗನವಾಡಿ ಕಾರ್ಯಕರ್ತೆ ಮತಗಟ್ಟೆ ಮಟ್ಟದ ಅಧಿಕಾರಿಯಾಗಿ ಮನೆಮನೆಗೆ ಚೀಟಿ ಕೊಡುತ್ತಿದ್ದಾರೆ. ಅವರ ಬಳಿ ಶಿಬಿರದ ಮಾತು ತೆಗೆಯುವುದೇ ತಪ್ಪು. ಒಂದು ಕಡೆ ಶಿಬಿರಕ್ಕೆ ಶಾಲೆಯ ಬದಲು ತೋಟದ ಕಾಫಿ ಕಣ ಸಿಕ್ಕಿತು. ಕೊಯ್ಲು ಮುಗಿದು ಕಣ ಖಾಲಿ ಬಿದ್ದಿತ್ತು, ಮೇಲೆ ಟಾರ್ಪಾಲು ಕಟ್ಟಿದರೆ ಬೆಳಗಿನ ಹತ್ತರವರೆಗೆ ನೆರಳು. ಧ್ವನಿವರ್ಧಕ ಬೇಡ, ವೇದಿಕೆ ಬೇಡ, ಅತಿಥಿ ಬೇಡ ಎಂದು ಮೊದಲೇ ನಿರ್ಧರಿಸಿದ್ದರಿಂದ ಅನುಮತಿಯ ತಾಪತ್ರಯವೂ ಬರಲಿಲ್ಲ. ಸಮಾರೋಪಕ್ಕೆ ಅತಿಥಿಯೊಬ್ಬರನ್ನು ಕರೆದಿದ್ದರೆ ಆ ಅತಿಥಿಯ ಹಿಂದೆ ಇನ್ನೈದು ಜನ ಬರುತ್ತಿದ್ದರು.

ಕೆಲಸಗಳನ್ನು ಮೂರು ರಾಶಿ ಮಾಡಿ ನೋಡಿದರೆ ಇಲ್ಲಿಯವರೆಗಿನದು ತಿಳಿಯಾಗುತ್ತದೆ. ಕೈಯಿಂದ ಕೈಗೆ ಏನಾದರೂ ಕೊಡುವ ಕೆಲಸ, ಜನ ಕೂಡಿಸುವ ಕೆಲಸ, ಪಕ್ಕದಲ್ಲಿ ಕೂತು ಕಲಿಸುವ ಕೆಲಸ. ಚುನಾವಣೆ ಮೊದಲನೆಯದನ್ನು ಪೂರ್ತಿ ನಿಲ್ಲಿಸುತ್ತದೆ, ಎರಡನೆಯದನ್ನು ಹಿಂಡಿ ಸಣ್ಣದು ಮಾಡುತ್ತದೆ, ಮೂರನೆಯದನ್ನು ಮುಟ್ಟುವುದೇ ಇಲ್ಲ. ಆ ಹನ್ನೆರಡು ವಾರ ಎಲ್ಲವನ್ನೂ ನಿಲ್ಲಿಸಿ ಸ್ವಯಂಸೇವಕರನ್ನು ಗೋವಾಕ್ಕೋ ವರ್ಕಲಕ್ಕೋ ಕಳಿಸಿಬಿಡುವ ಕೇಂದ್ರಗಳಿವೆ. ಅದು ಮಕ್ಕಳಿಗೆ ಮಾಡುವ ಅನ್ಯಾಯ. ಕಾನೂನು ಅದನ್ನು ಕೇಳಿಲ್ಲ.

ಶಾಲು, ಫೋಟೊ, ಬಂದೂಕು

ವಿದೇಶಿಯರ ಮಟ್ಟಿಗೆ ನಿಜವಾದ ಅಪಾಯ ಇರುವುದು ಇಲ್ಲಿ. ಏಪ್ರಿಲ್-ಮೇ ಕೊಡಗಿನಲ್ಲಿ ಮದುವೆಯ ಕಾಲ, ಊರ ಹಬ್ಬಗಳ ಕಾಲ. ಆ ವರ್ಷ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಹಾಕಿ ಹಬ್ಬ (ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ) ನಡೆಯುತ್ತಿತ್ತು, 360 ಕುಟುಂಬ ತಂಡಗಳು, ಮಾರ್ಚ್ 30ರಿಂದ ಏಪ್ರಿಲ್ 28ರವರೆಗೆ. ಜನ ಸೇರುವಲ್ಲಿಗೆ ಮತ ಕೇಳುವವರೂ ಬರುತ್ತಾರೆ. ಮದುವೆ ಮನೆಯಲ್ಲಿ ಪಕ್ಷದ ಶಾಲು ಹೊತ್ತು ಬಂದವರು ಬೆಳ್ಳಗಿನ ಅತಿಥಿಯನ್ನು ಕಂಡರೆ ಪ್ರೀತಿಯಿಂದಲೇ ಒಂದು ಶಾಲು ಹೊದಿಸುತ್ತಾರೆ. ಮಡಿಕೇರಿ ಬಟ್ಟೆ ಅಂಗಡಿಯ ಶಾಲಿಗೂ ಇದಕ್ಕೂ ಏನು ವ್ಯತ್ಯಾಸವೆಂದು ಆ ಅತಿಥಿಗೆ ಹೇಗೆ ತಿಳಿಯಬೇಕು? ಹೊದಿಸಿ ಮುಗಿಯುವುದರೊಳಗೆ ಹತ್ತು ಫೋನುಗಳಲ್ಲಿ ಚಿತ್ರ ಸೆರೆಯಾಗಿರುತ್ತದೆ. ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಬಂದ ದೂರಿಗೆ 100 ನಿಮಿಷದೊಳಗೆ ಕ್ರಮವಾಗಬೇಕೆಂಬ ನಿಯಮವಿದೆ.

ಇದು ಬರೀ ಭಯವಲ್ಲ. 2019ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ಚಿತ್ರನಟ ಫಿರ್ದೌಸ್ ಅಹ್ಮದ್ ಪಶ್ಚಿಮ ಬಂಗಾಳದ ರಾಯ್‌ಗಂಜ್‌ನಲ್ಲಿ ಅಭ್ಯರ್ಥಿಯೊಬ್ಬರ ಪ್ರಚಾರದಲ್ಲಿ ಕಾಣಿಸಿಕೊಂಡಾಗ ಕೇಂದ್ರ ಗೃಹ ಸಚಿವಾಲಯ ಅವರ ವೀಸಾ ರದ್ದು ಮಾಡಿ, ದೇಶ ಬಿಡಲು ಸೂಚಿಸಿ, ಕಪ್ಪುಪಟ್ಟಿಗೆ ಸೇರಿಸಿತು. ಅಷ್ಟು ಹೆಸರಾಂತ ನಟನಿಗೇ ಹೀಗಾದರೆ ಇಪ್ಪತ್ತರ ಹರೆಯದ ಸ್ವಯಂಸೇವಕನಿಗೆ ರಿಯಾಯಿತಿ ಸಿಗುತ್ತದೆಂದು ನಂಬುವಂತಿಲ್ಲ.

ಆದ್ದರಿಂದ ಸಂಯೋಜಕಿ ಕಲಿಸಿದ್ದು ಒಂದು ಕೈಸನ್ನೆ ಮತ್ತು ಒಂದು ವಾಕ್ಯ. ಶಾಲು ಬರುತ್ತಿದ್ದಂತೆ ಎರಡೂ ಕೈ ಜೋಡಿಸಿ ಎದೆಯ ಮುಂದೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಸರಿಯುವುದು, "ಬೇಡ ಅಣ್ಣ, ನಾವು ಹೊರದೇಶದವರು, ನಮಗೆ ಮತ ಇಲ್ಲ" ಎನ್ನುವುದು. ಇದನ್ನು ಅಡುಗೆಮನೆಯಲ್ಲಿ ನಿಂತು ಟವೆಲ್ ಹಿಡಿದು ನಾಲ್ಕೈದು ಸಲ ಆಡಿ ತೋರಿಸಿದರು. ಓದಿಸಿದ ನಿಯಮ ಮರೆತುಹೋಗುತ್ತದೆ, ಮೈಗೆ ಕಲಿಸಿದ್ದು ಮರೆಯದು.

ರ್‍ಯಾಲಿಯ ವಿಡಿಯೊ ತೆಗೆದು ಹಾಕುವುದು, ಮತದಾನದ ದಿನ ಬೂತಿನ 100 ಮೀಟರ್ ಒಳಗೆ ಫೋನ್ ಹಿಡಿದು ಓಡಾಡುವುದು, ಯಾವುದೇ ಅಭ್ಯರ್ಥಿಯ ಪೋಸ್ಟಿಗೆ ಮೆಚ್ಚುಗೆ ಒತ್ತುವುದು, ಇವೂ ಬೇಡವೆಂದಾಯಿತು. ಚುನಾವಣೆಯ ಸಮಯದಲ್ಲಿ ಬಂದೂಕು ಠಾಣೆಗೆ ಒಪ್ಪಿಸುವ ಮಾತು ಕೊಡಗಿನಲ್ಲಿ ಪ್ರತಿ ಸಲ ಬಿಸಿಯೇರುತ್ತದೆ. ಐನ್‌ಮನೆಯಲ್ಲಿ (ಕೊಡವ ಮನೆತನದ ಮೂಲಮನೆ) ತೋಕ್, ಅಂದರೆ ಬಂದೂಕು, ಕೈಗೆ ಕೊಟ್ಟು ಫೋಟೊ ತೆಗೆಯುತ್ತೇವೆಂದು ಯಾರಾದರೂ ಆತ್ಮೀಯತೆಯಿಂದ ಕರೆದರೆ ಆ ತಿಂಗಳು ನಯವಾಗಿ ತಪ್ಪಿಸಿಕೊಳ್ಳಬೇಕು.

ಇನ್ನೊಂದು ಆಹ್ವಾನ ಅನಿರೀಕ್ಷಿತ ಕಡೆಯಿಂದ ಬಂತು. ಮತದಾನ ಜಾಗೃತಿ ಜಾಥಾಕ್ಕೆ ನಿಮ್ಮ ವಿದೇಶಿ ಮಕ್ಕಳನ್ನೂ ಕರೆತನ್ನಿ, ಜನ ನೋಡಲು ಬರುತ್ತಾರೆ ಎಂದು ಅಧಿಕಾರಿಯೊಬ್ಬರೇ ಕೇಳಿದರು. ಪಕ್ಷವಿಲ್ಲದ ಕಾರ್ಯಕ್ರಮ, ಸದುದ್ದೇಶದ್ದೇ. ಆದರೂ ಹೋಗಲಿಲ್ಲ. ಜಾಥಾದ ಫಲಕವನ್ನು ಕತ್ತರಿಸಿ ಬರೀ ಮುಖ ಉಳಿಸಿದ ಚಿತ್ರವೊಂದು ಸುತ್ತಾಡತೊಡಗಿದರೆ ವಿವರಣೆ ಕೊಡಬೇಕಾದವರು ಸ್ವಯಂಸೇವಕರೇ.

ತಹಶೀಲ್ದಾರರಿಗೆ ಕೊಟ್ಟ ಪತ್ರ

ಚೀಲ ಸಿಕ್ಕಿಬಿದ್ದ ಮೂರನೆಯ ದಿನ ಈ ಪತ್ರ ಹೋಯಿತು. ಮಾರ್ಚ್ 18ಕ್ಕೇ ಹೋಗಬೇಕಿತ್ತು. ಎರಡು ಪುಟ: ಆರು ಮಂದಿಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಬಗೆ, ಮುಗಿಯುವ ದಿನ, ತಂಗುವ ವಿಳಾಸ, ಯಾವ ದಿನ ಎಷ್ಟು ಹೊತ್ತಿಗೆ ಎಲ್ಲಿ ಪಾಠ, ಬಳಸುವ ಗಾಡಿಯ ಸಂಖ್ಯೆ, ಹೊಣೆಗಾರರ ಫೋನ್. ಕೊನೆಗೆ, ಹಂಚಿಕೆ ಮತ್ತು ಸಭೆಗಳನ್ನು ನಿಲ್ಲಿಸಿದ್ದೇವೆಂಬ ಒಂದು ಸಾಲು. ಪ್ರತಿಗಳು ಸ್ಥಳೀಯ ಠಾಣೆಗೆ, ವಿದೇಶಿಯರ ನೋಂದಣಿ ನೋಡಿಕೊಳ್ಳುವ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಗೆ. ಅನುಮತಿ ಕೇಳಿದ ಪತ್ರವಲ್ಲ ಇದು, ಮಾಹಿತಿ ಪತ್ರ. ಅನುಮತಿ ಎಂಬ ಪದ ಬಳಸಿದರೆ ಕಡತ ಮೇಲಕ್ಕೆ ಹೋಗಿ ಉತ್ತರ ಬರುವಷ್ಟರಲ್ಲಿ ಚುನಾವಣೆಯೇ ಮುಗಿದಿರುತ್ತದೆ. ಸ್ವೀಕೃತಿ ಮೊಹರು ಬಿದ್ದ ಪ್ರತಿಯೊಂದನ್ನು ಗಾಡಿಯಲ್ಲೇ ಇಟ್ಟುಕೊಂಡರು. ನಂತರದ ಎರಡೂ ತಪಾಸಣೆಯಲ್ಲಿ ಅದನ್ನು ತೋರಿಸಿದ ಮೇಲೆ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾಗಲಿಲ್ಲ.

ಹಣದ ವಿಷಯ ಚಿಕ್ಕದು, ಆದರೆ ಜಾರುವುದು ಸುಲಭ. ದಾಖಲೆಯಿಲ್ಲದೆ 50,000 ರೂಪಾಯಿಗಿಂತ ಹೆಚ್ಚು ನಗದು ಸಿಕ್ಕರೆ ಜಪ್ತಿಯಾಗಬಹುದು. ಆರು ಜನರ ಊಟ-ವಸತಿಯ ಮೂರು ತಿಂಗಳ ಬಾಕಿಯನ್ನು ಒಂದೇ ಸಲ ನಗದಿನಲ್ಲಿ ಕೊಡುವ ಅಭ್ಯಾಸವಿತ್ತು, ಅದನ್ನು ಬ್ಯಾಂಕ್ ವರ್ಗಾವಣೆಗೆ ಬದಲಿಸಿದರು. ಎಟಿಎಂ ಚೀಟಿಯನ್ನು ಎಸೆಯಬಾರದು, ನೋಟಿನ ಜೊತೆಯಲ್ಲೇ ಮಡಚಿಡಬೇಕು ಎಂದು ಎಲ್ಲರಿಗೂ ಹೇಳಿದರು.

ಕೊನೆಯ 48 ಗಂಟೆ

ಏಪ್ರಿಲ್ 24ರ ಸಂಜೆ ಆರಕ್ಕೆ ಬಹಿರಂಗ ಪ್ರಚಾರ ಮುಗಿಯಿತು. ಅಲ್ಲಿಂದ ಮತದಾನ ಮುಗಿಯುವ 26ರ ಸಂಜೆ ಆರರವರೆಗೆ ಮದ್ಯ ಮಾರಾಟವಿಲ್ಲ, ಜೂನ್ 4ರ ಎಣಿಕೆಯ ದಿನವೂ ಇಲ್ಲ. ಕ್ಷೇತ್ರದ ಮತದಾರರಲ್ಲದ ರಾಜಕೀಯ ಕಾರ್ಯಕರ್ತರು ಊರು ಬಿಡಬೇಕು. ಅವರು ಬಿಟ್ಟಿದ್ದಾರೆಯೇ ಎಂದು ನೋಡಲು ಪೊಲೀಸರು ಕಲ್ಯಾಣ ಮಂಟಪ, ಲಾಡ್ಜ್, ಹೋಂಸ್ಟೇಗಳಲ್ಲಿ ತಂಗಿರುವವರ ಪಟ್ಟಿ ನೋಡುತ್ತಾರೆ. ಸ್ವಯಂಸೇವಕರು ಊರು ಬಿಡಬೇಕಾಗಿಲ್ಲ, ಅವರು ರಾಜಕೀಯದವರಲ್ಲ. ಆದರೆ ಪಟ್ಟಿ ಸರಿಯಿರಬೇಕು.

ಸರಿಯಿರಲಿಲ್ಲ. ವಿದೇಶಿಯರು ಬಂದ 24 ಗಂಟೆಯೊಳಗೆ ಮನೆಯವರು ಆನ್‌ಲೈನಿನಲ್ಲಿ ಫಾರ್ಮ್-ಸಿ, ಅಂದರೆ ತಂಗಿದ ವಿದೇಶಿಯರ ಬಗ್ಗೆ ವರದಿ ಮಾಡುವ ನಮೂನೆ, ತುಂಬಬೇಕು. ಇಲ್ಲಿನ ಹೋಂಸ್ಟೇಯವರು ತುಂಬಿದ್ದರು. ಆದರೆ ಇಬ್ಬರು ಹಿಂದಿನ ವಾರಾಂತ್ಯ ಕಕ್ಕಬ್ಬೆಯಲ್ಲಿ ಗೆಳೆಯರ ಮನೆಯಲ್ಲಿ ಎರಡು ರಾತ್ರಿ ಉಳಿದಿದ್ದರು. ಬಸ್ಸು ಸಿಗದೆ ಮೂರನೆಯ ರಾತ್ರಿಯೂ ಅಲ್ಲೇ. ಆ ಮನೆಯವರಿಗೆ ಫಾರ್ಮ್-ಸಿ ಎಂಬುದಿದೆಯೆಂದೇ ಗೊತ್ತಿರಲಿಲ್ಲ. ನೆಂಟರ ಮನೆಯಂತೆ ಉಳಿದರೂ ವರದಿ ಮಾಡುವ ಹೊಣೆ ಮನೆಯವರದೇ. ಠಾಣೆಯಲ್ಲಿ ಬುದ್ಧಿ ಹೇಳಿ, ತಡವಾಗಿ ತುಂಬಿಸಿ ಕಳಿಸಿದರು. 2025ರ ಸೆಪ್ಟೆಂಬರಿನಿಂದ ವಿದೇಶಿಯರ ಬಗ್ಗೆ ಹೊಸ ಕಾಯ್ದೆ ಜಾರಿಯಲ್ಲಿದೆ, ಆದರೂ ತಂಗಲು ಜಾಗ ಕೊಟ್ಟವರು ವರದಿ ಮಾಡಬೇಕೆಂಬುದು ಹಾಗೆಯೇ ಉಳಿದಿದೆ. ಪಕ್ಕದ ಬೈಲಕುಪ್ಪೆಯ ಟಿಬೆಟಿಯನ್ ವಸಾಹತಿನಲ್ಲಿ ರಾತ್ರಿ ತಂಗಲು ವಿದೇಶಿಯರಿಗೆ ಪ್ರತ್ಯೇಕ ಪರವಾನಗಿಯೇ ಬೇಕು. ಹೇಗಿದ್ದರೂ ಆ ವಾರ ಅತ್ತ ಹೋಗದಿರುವುದು ಒಳ್ಳೆಯದು.

ಬಸ್ಸಿನ ಮಾತು ಬಂತು. ಮತಗಟ್ಟೆಗಳಿಗೆ ಸಿಬ್ಬಂದಿ ಸಾಗಿಸಲು ಸರ್ಕಾರಿ ಬಸ್ಸುಗಳು ಹೋಗುತ್ತವೆ, ಖಾಸಗಿ ಬಸ್ಸು, ಮ್ಯಾಕ್ಸಿಕ್ಯಾಬ್, ಜೀಪುಗಳನ್ನು ಪ್ರಜಾಪ್ರತಿನಿಧಿ ಕಾಯ್ದೆಯ 160ನೇ ಕಲಮಿನ ಪ್ರಕಾರ ವಶಕ್ಕೆ ತೆಗೆದುಕೊಳ್ಳುತ್ತಾರೆ. ಖಾಸಗಿ ಬಸ್ಸುಗಳನ್ನೇ ನೆಚ್ಚಿದ ಕೊಡಗಿನ ಒಳಹಾದಿಗಳಲ್ಲಿ 25 ಮತ್ತು 26ರಂದು ಗಂಟೆಗಟ್ಟಲೆ ನಿಂತರೂ ಗಾಡಿ ಸಿಗುವುದಿಲ್ಲ. 26ರಂದು ಬೆಂಗಳೂರಿಗೆ ಹೋಗಿ ವಿಮಾನ ಹತ್ತಬೇಕಿದ್ದ ಇ-ವೀಸಾದ ಹುಡುಗನನ್ನು 24ರ ಬೆಳಿಗ್ಗೆಯೇ ಮೈಸೂರಿಗೆ ಕಳಿಸಿದ್ದು ಜಾಣತನ.

ಉಳಿದ ಐವರು ಹೋಂಸ್ಟೇಯಲ್ಲೇ. ಎದುರಿಗೆ ಬಿಡುಗಡೆಯಾಗಿ ಬಂದ 240 ಚೀಲ. ಅಚ್ಚಿನ ಹೆಸರನ್ನು ಅಳಿಸಲು ಮೊದಲು ಸೀಮೆಎಣ್ಣೆ ಹಚ್ಚಿ ನೋಡಿದರು. ಬಣ್ಣ ಹೋಗಲಿಲ್ಲ, ಹರಡಿತು, ಮೇಲೆ ವಾಸನೆ ಬೇರೆ. ಥಿನ್ನರಿನಿಂದ ನೈಲಾನಿನ ಒಳಮೈಯ ಲೇಪ ಸುಲಿದು ಬಂತು. ಕೊನೆಗೆ ದರ್ಜಿ ಅಂಗಡಿಯಿಂದ ಉಳಿಕೆ ಬಟ್ಟೆ ತಂದು ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ತೇಪೆ ಕತ್ತರಿಸಿದರು. ಅಂಚನ್ನು ಕಾಲಿಂಚು ಒಳಕ್ಕೆ ಮಡಚಿ ಕೈಹೊಲಿಗೆ. ಜೇಬಿನ ಒಳಪದರ ಸೇರಿಸಿ ಹೊಲಿದರೆ ಜೇಬೇ ಮುಚ್ಚಿಹೋಗುತ್ತದೆ, ಅದಕ್ಕೆ ಜೇಬಿನೊಳಗೆ ಒಂದು ರಟ್ಟು ತೂರಿಸಿ ಸೂಜಿ ಮೇಲ್ಪದರದಲ್ಲಷ್ಟೇ ಓಡುವಂತೆ ನೋಡಿಕೊಳ್ಳಬೇಕು. ಒಂದಕ್ಕೆ ಎಂಟು ನಿಮಿಷ. 240ಕ್ಕೆ 32 ಗಂಟೆ, ಐವರಿಗೆ ಹಂಚಿದರೆ ತಲಾ ಆರೂವರೆ ಗಂಟೆಗೆ ಸ್ವಲ್ಪ ಕಡಿಮೆ. 25 ಮತ್ತು 26ರ ಎರಡು ದಿನ ಸರಿಯಾಗಿ ಸಾಕಾಯಿತು. ಮನೆಯ ಅಮ್ಮ ಮತ ಹಾಕಿ ಬಂದು ಎಡ ತೋರುಬೆರಳಿನ ಮಸಿ ತೋರಿಸಿದಾಗ, ಅದು ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯಲ್ಲೇ ತಯಾರಾಗುವುದೆಂದು ತಿಳಿದು ಎಲ್ಲರೂ ಆ ಬೆರಳನ್ನು ಹಿಡಿದು ಹಿಡಿದು ನೋಡಿದರು.

ಅವರದೇ ದೇಶದ ಮತ

ಇದನ್ನು ಕೇಂದ್ರಗಳು ಮರೆಯುತ್ತವೆ. ಅದೇ ಜೂನ್ 9ರಂದು ಜರ್ಮನಿ ಮತ್ತು ಫ್ರಾನ್ಸಿನಲ್ಲಿ ಯುರೋಪಿಯನ್ ಸಂಸತ್ತಿನ ಚುನಾವಣೆ. ಊರಿನ ವಿಳಾಸವನ್ನು ರದ್ದು ಮಾಡಿಸಿ ಬಂದ ಜರ್ಮನ್ನರು ಮತದಾರರ ಪಟ್ಟಿಗೆ ಸೇರಲು ಮೇ 19ರೊಳಗೆ ಅರ್ಜಿ ಹಾಕಬೇಕಿತ್ತು, ಅಂಚೆ ಮತಪತ್ರ ಜೂನ್ 9ರ ಸಂಜೆ ಆರರೊಳಗೆ ಅಲ್ಲಿಗೆ ತಲುಪಬೇಕಿತ್ತು. ಜರ್ಮನಿಯಿಂದ ಕೊಡಗಿನ ಅಂಚೆಪೆಟ್ಟಿಗೆಗೆ, ಅಲ್ಲಿಂದ ವಾಪಸು, ಎರಡು ಪಯಣ. ಏಪ್ರಿಲ್‌ನಲ್ಲೇ ಅರ್ಜಿ ಹಾಕಿದ ಇಬ್ಬರು ಮತ ಕಳಿಸಲು ಸಾಧ್ಯವಾಯಿತು, ಮೇ ಮಧ್ಯದಲ್ಲಿ ಎಚ್ಚೆತ್ತವನಿಗೆ ಆಗಲಿಲ್ಲ. ಬ್ರಿಟನ್ನಿನಲ್ಲಿ ಮೇ 22ರಂದು ದಿಢೀರನೆ ಘೋಷಣೆಯಾಗಿ ಜುಲೈ 4ಕ್ಕೆ ಮತದಾನ. ಇಷ್ಟು ಕಡಿಮೆ ಸಮಯದಲ್ಲಿ ಅಂಚೆಯನ್ನು ನಂಬುವುದಕ್ಕಿಂತ ಊರಿನಲ್ಲಿರುವ ತಾಯಿಗೆ ಬದಲಿ ಮತದ ಅಧಿಕಾರ ಕೊಡುವುದೇ ವಾಸಿ. ಆ ಅರ್ಜಿಗೆ ಜೂನ್ 26ರವರೆಗೆ ಅವಕಾಶವಿತ್ತು. ಕೊಡಗಿನಿಂದ ಹೊರದೇಶಕ್ಕೆ ಸ್ವಯಂಸೇವೆಗೆ ಹೋದ ನಮ್ಮ ಮಕ್ಕಳಿಗೆ ಈ ಎರಡೂ ದಾರಿ ಇಲ್ಲ. ಅವರು ಮತ ಹಾಕಬೇಕೆಂದರೆ ಊರಿಗೇ ಬಂದು ಬೂತಿನಲ್ಲಿ ನಿಲ್ಲಬೇಕು.

ಮುಗಿಯಿತು ಎಂದುಕೊಂಡಾಗ

ಏಪ್ರಿಲ್ 27ರಂದು ಕೇಂದ್ರದಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ನಮ್ಮಲ್ಲಿ ಮತದಾನ ಆಯಿತಲ್ಲ, ಇನ್ನು ಹಂಚಬಹುದು ಎಂದು ಕೆಲವರು. ಆದರೆ ಸಂಹಿತೆ ಜೂನ್ 6ರವರೆಗೂ ಇದ್ದೇ ಇತ್ತು. ಅದರ ನಡುವೆ ಇನ್ನೊಂದು ಚುನಾವಣೆ ಬಂದು ಕೂತಿತು: ವಿಧಾನ ಪರಿಷತ್ತಿನ ನೈಋತ್ಯ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಿಗೆ ಜೂನ್ 3ರಂದು ಮತದಾನ, ಎಣಿಕೆ ಜೂನ್ 6. ಕೊಡಗು ಈ ಎರಡೂ ಕ್ಷೇತ್ರಗಳಲ್ಲಿದೆ. ಒಂದರ ಮತದಾರರೇ ಶಿಕ್ಷಕರು! ಶಾಲೆಯ ಅಂಗಳದಲ್ಲಿ ಚೀಲ ಹಂಚಲು ಇದಕ್ಕಿಂತ ಕೆಟ್ಟ ವಾರ ಸಿಗದು.

ಮೇ 29ಕ್ಕೆ ಶಾಲೆ ತೆರೆಯಿತು. ಮಕ್ಕಳು ಹಳೆಯ ಚೀಲ, ಪ್ಲಾಸ್ಟಿಕ್ ಕವರು ಹಿಡಿದೇ ಹೋದರು. ಹಂಚಿಕೆ ನಡೆದದ್ದು ಜೂನ್ ಎರಡನೆಯ ವಾರ. ಸಮಾರಂಭವಿಲ್ಲದೆ, ಮನೆಮನೆಗೆ ಹೋಗಿ, ತಾಯಿಯ ಸಹಿ ಪಡೆದು. ಮಳೆ ಹಿಡಿದಿತ್ತು. ಊರಿಗೆ ಮತ ಹಾಕಲು ಹೋದ ಅಸ್ಸಾಮಿನ ಸಂಸಾರಗಳಲ್ಲಿ ಕೆಲವು ಇನ್ನೂ ಮರಳಿರಲಿಲ್ಲ, ಅವರ ಪಾಲಿನ 14 ಚೀಲಗಳನ್ನು ಹೋಂಸ್ಟೇಯ ಅಟ್ಟದಲ್ಲಿ ಬೂಸ್ಟು ಹಿಡಿಯದಂತೆ ಒಲೆಯ ಹೊಗೆಗೂಡಿನ ಪಕ್ಕಕ್ಕೆ ಪೇರಿಸಿಟ್ಟರು. ಮುಂದಿನ ಖರೀದಿ ಆದೇಶದಲ್ಲಿ ಮೂರು ಸಾಲು ಹೊಸದಾಗಿ ಸೇರಿವೆ: ಚೀಲದ ಮೇಲೆ ಯಾರ ಹೆಸರೂ ಅಚ್ಚಾಗಬಾರದು, ಸರಕು ಫೆಬ್ರುವರಿ ಕೊನೆಯೊಳಗೆ ಬರಬೇಕು, ಗಾಡಿ ಬದಲಾದರೆ ಹೊರಡುವ ಮೊದಲೇ ಬಿಲ್‌ನಲ್ಲಿ ಸಂಖ್ಯೆ ತಿದ್ದಿ ಅದರ ಚಿತ್ರ ಕಳಿಸಬೇಕು.